ಒಡ್ಡಿನ ಮೇಲಿನ ವಾಲ್ವ್

ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕಾದ ವಿಜಯಪುರದಲ್ಲಿ ಕುಳಿತು ನಾನು ಸಮುದ್ರದ ಕೆಲಸ ಮಾಡುತ್ತೇನೆ. ಸೊಲ್ಲಾಪುರ ರಸ್ತೆಯಲ್ಲಿ ಟೈರ್ ಅಂಗಡಿಯ ಮೇಲೊಂದು ಕೋಣೆ, ಒಂದು ಕಂಪ್ಯೂಟರ್. ದೂರದ ಎರಡು ದೇಶಗಳ ನಡುವಿನ ಕಡಲಲ್ಲಿ ಗಾಳಿಯಂತ್ರ ನಿಲ್ಲಿಸಿ, ಅದರ ಕರೆಂಟನ್ನು ನೀರಿನಡಿಯ ಕೇಬಲ್ಲಿನಲ್ಲಿ ಎರಡೂ ದಡಕ್ಕೆ ಹಂಚಲು ಹೊರಟ ಕಂಪನಿಯೊಂದಿದೆ. ಅದಕ್ಕಾಗಿ ಆ ದೇಶಗಳ ಕಾಯ್ದೆ ಓದಿ, ತೊಡಕು ಎಲ್ಲಿದೆ ಎಂದು ಹೇಳುವುದು ನನ್ನ ಕೆಲಸ. ಮನೆಯವರು ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂದು ನಗುತ್ತಾರೆ. ನಗಲಿ.

ತೊಡಕು ಗಾಳಿಯದಲ್ಲ, ಕೇಬಲ್ಲಿನದೂ ಅಲ್ಲ. ಒಂದು ದೇಶ ಆ ಕೇಬಲ್ಲನ್ನು ತನ್ನ ಮನೆಯ ತಂತಿ ಎನ್ನುತ್ತದೆ, ಇನ್ನೊಂದು ಅದನ್ನೇ ಹೊರಗಿನಿಂದ ಬರುವ ಮಾಲು ಎನ್ನುತ್ತದೆ. ಖರ್ಚು ಯಾರದು ಎಂದರೆ ಇಬ್ಬರೂ ಆಕಾಶ ನೋಡುತ್ತಾರೆ. ಕಡೆಗೆ ಎರಡೂ ಕಡೆಯ ಅಧಿಕಾರಿಗಳು ಬರೆಯುವುದು ಒಂದೇ ಮಾತು: ಮೊದಲು ಅವರು ಒಪ್ಪಲಿ, ಆಮೇಲೆ ನಾವು. ಇಬ್ಬರೂ ಕೂಡಿಯೇ ಒಪ್ಪಬೇಕೆಂಬ ಆ ಷರತ್ತನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅದೇ ವರ್ಷ ಕಳ್ಳಕವಟಗಿಯ ನಮ್ಮ ಕಾಕಾ ದ್ರಾಕ್ಷಿ ತೋಟಕ್ಕೆ ಹೊಸ ಪೈಪ್‌ಲೈನ್ ಹಾಕಿಸಲು ಹೊರಟ. ಬಾವಿ ಹಳ್ಳದ ದಂಡೆಗೆ, ತೋಟ ಮೇಲೆ, ನಡುವೆ ಬೇರೆಯವರ ಹೊಲ. ಹಳೆಯ ಪೈಪಿಗೆ ಆ ಹೊಲದ ಯಜಮಾನ ಬಾಯಿಮಾತಿನಲ್ಲೇ ಹೂಂ ಅಂದಿದ್ದ. ಅವನು ತೀರಿಕೊಂಡ ಮೇಲೆ ಇಬ್ಬರು ಮಕ್ಕಳು ಹೊಲ ಹಂಚಿಕೊಂಡು, ಮಾತೂ ಬಿಟ್ಟಿದ್ದರು. ಹಿರಿಯ ಊರಲ್ಲೇ ಇದ್ದ, ಕಿರಿಯ ಬಬಲೇಶ್ವರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ. ಕಾಕಾ ಹಿರಿಯನನ್ನು ಕೇಳಿದರೆ, “ಅಂವ ಮೊದಲ ಹ್ಞೂಂ ಅನ್ಲಿ ತಗೋರಿ.” ಬಬಲೇಶ್ವರಕ್ಕೆ ಹೋಗಿ ಕಿರಿಯನನ್ನು ಕೇಳಿದರೆ, “ಅಣ್ಣ ಹ್ಞೂಂ ಅಂದಾನೇನ್ರಿ?”

“ಗಂಡ ಹೆಂಡ್ತಿ ಜಗಳದಾಗ ಕೂಸು ಬಡವಾತು ಅಂತಾರಲ್ಲ, ಆ ಕೂಸು ನಾ ಆಗೇನಿ ನೋಡವಾ,” ಎಂದು ಕಾಕಾ ನನ್ನ ಮುಂದೆ ಬಂದು ಕುಳಿತ. ನನಗೆ ನಗು ಬಂತು. ಆದರೆ ಚಾಟ್ನಿ, ಅಂದರೆ ಬಳ್ಳಿ ಸವರುವ ಹೊತ್ತು, ಹತ್ತಿರ ಬಂದಿತ್ತು. ಬಳ್ಳಿ ಕತ್ತರಿಸಿದ ಮೇಲೆ ನೀರಿಲ್ಲವೆಂದರೆ ಆ ವರ್ಷದ ಬೆಳೆಯೇ ಇಲ್ಲ.

ಬಗೆಹರಿಸಿದ್ದು ಆ ಅಣ್ಣತಮ್ಮಂದಿರ ತಾಯಿ. ಊರೆಲ್ಲ ಆಯಿ ಎನ್ನುವ ಆಕೆ ಕಾಕಾನಿಗೆ ಹೇಳಿದಳು: “ಪೈಪ್ ಹಾಕು. ವಾಲ್ವ್ ಮಾತ್ರ ಇಬ್ಬರ ಹೊಲದ ನಡುವಿನ ಒಡ್ಡಿನ ಮ್ಯಾಲ ಕೂಡ್ರಸು. ಇವರಿಗೂ ಒಂದೊಂದು ನಳ ಇರ್ಲಿ. ವಾಲ್ವ್ ತಿರುವು ಪಾನಾ ನನ್ನ ಕೈಯಾಗ. ಇಬ್ಬರೂ ಬಂದು ನಿಂತ್ರನ ತಿರುವಾಕಿ, ಒಬ್ಬನ ಬಂದ್ರ ಇಲ್ಲ.” ನೀರಿನಾಸೆಗೆ ಮಕ್ಕಳು ಒಪ್ಪಿದರು.

ನಾನು ಬೇಡವೆಂದೆ. “ಕಾಕಾ, ಇದ ಷರತ್ತು ಸಮುದ್ರದಾಗ ನನ್ನ ತಲಿ ತಿನ್ನಾಕತ್ತೈತಿ. ಇಬ್ಬರೂ ಕೂಡೇ ಬರಬೇಕಂದ್ರ ಯಾರೂ ಬರೂದಿಲ್ಲ.”

“ಮತ್ತೇನ್ ಮಾಡ್ಲೆವಾ?” ಅಂದ. ಪೈಪ್ ತರಲು ಎದ್ದು ಹೊರಟ.

ಆದರೆ ನಡೆಯಿತು. ವಾರಕ್ಕೊಮ್ಮೆ, ಕಿರಿಯನ ಅಂಗಡಿಗೆ ರಜೆಯ ದಿನ, ಅಣ್ಣ ಒಡ್ಡಿನ ಆ ತುದಿಗೆ, ತಮ್ಮ ಈ ತುದಿಗೆ ನಿಲ್ಲುತ್ತಿದ್ದರು, ಮುಖ ಬೇರೆ ಬೇರೆ ಕಡೆ. ಆಯಿ ಸೆರಗಿನಿಂದ ಪಾನಾ ತೆಗೆದು ತಿರುವುತ್ತಿದ್ದಳು. ತೋಟದಲ್ಲಿ ನೀರು ಕೂಡಿಡುವ ಕಾಕಾನ ಹೊಂಡ ತುಂಬುತ್ತಿತ್ತು, ವಾರವಿಡೀ ಬಳ್ಳಿಗೆ ಅದೇ ನೀರು.

ಚಾಟ್ನಿ ಆಗಿ ಚಿಗುರೊಡೆದ ವಾರ ಕಿರಿಯ ಬರಲಿಲ್ಲ. ಯಾರ ನಳಕ್ಕೆ ನೀರು ಹೆಚ್ಚು ಬರುತ್ತದೆ ಎಂದು ಹಿಂದಿನ ವಾರ ಮುಖ ಊದಿಸಿಕೊಂಡು ಹೋಗಿದ್ದನಂತೆ. ಅಂದು ಬೆಳಿಗ್ಗೆಯೇ ನನಗೂ ಕಂಪನಿಯಿಂದ ಸುದ್ದಿ ಬಂದಿತ್ತು: ಎರಡೂ ದೇಶಗಳು ಮತ್ತೆ ಒಂದನ್ನೊಂದು ಕಾಯುತ್ತಿವೆ, ಕೇಬಲ್ ಕೆಲಸ ಸದ್ಯಕ್ಕಿಲ್ಲ. ಆ ಸಿಟ್ಟಿನಲ್ಲೇ ತಿಕೋಟಾ ಬಸ್ಸು ಹತ್ತಿ ಕಳ್ಳಕವಟಗಿಗೆ ಬಂದಿದ್ದೆ. ಕಾಕಾನ ಹೊಂಡದ ತಳ ಕಾಣುತ್ತಿತ್ತು. ಹಿರಿಯ ತನ್ನ ತುದಿಯಲ್ಲಿ ಒಬ್ಬನೇ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಕಾಕಾ ಕೈ ಮುಗಿದು ಬೇಡುತ್ತಿದ್ದ. ಬಿಸಿಲಲ್ಲಿ ಒಡ್ಡಿನ ಮೇಲೆ ಕುಳಿತ ಆಯಿ ಮಾತ್ರ ಜಪ್ಪಯ್ಯ ಎಂದರೂ ಏಳಲಿಲ್ಲ.

“ಆಯಿ, ಬಳ್ಳಿ ಏನ್ ತಪ್ಪ ಮಾಡ್ಯಾವ್ರಿ?” ಎಂದು ನಾನು ದನಿ ಏರಿಸಿಯೇ ಕೇಳಿದೆ.

“ನಾ ಏನ್ ತಪ್ಪ ಮಾಡೀನಿ, ಯವ್ವಾ?” ಎಂದಳು. “ಬಳ್ಳಿಗೆ ಒಂದ ದಿನ ನೀರಿಲ್ಲಂದ್ರ ಎಲ್ಲಾರೂ ಓಡಿ ಬಂದೀರಿ. ಅಣ್ಣ ತಮ್ಮ ಮಾತು ಬಿಟ್ಟು ಎಷ್ಟ ದಿನಾತು ಅಂತ ಯಾರರ ಬಂದು ಕೇಳೀರೇನು? ಇಲ್ಲಿ ನಿಂತಾಗರ ಇಬ್ಬರನೂ ಕೂಡೇ ನೋಡ್ತೇನಿ. ಅದಕ್ಕ ಇಟ್ಟೀನಿ ಈ ಷರತ್ತು.”

ನಾನು ಅಷ್ಟೊಂದು ಕಾಯ್ದೆ ಓದಿದ್ದೆ. ಷರತ್ತಿನ ಹಿಂದೆ ಯಾರದಾದರೂ ಇಂಥದೊಂದು ಆಸೆ ಇರಬಹುದೆಂದು ಒಮ್ಮೆಯೂ ಹೊಳೆದಿರಲಿಲ್ಲ.

ಹಿರಿಯ ಎದ್ದು ಬಂದು ನನ್ನ ಮೊಬೈಲ್ ಕೇಳಿದ. ತಮ್ಮನ ನಂಬರ್ ಹೇಳಲು ಕಾಕಾ ಬಾಯಿ ತೆರೆಯುವಷ್ಟರಲ್ಲಿ ಅವನು ಒತ್ತಿಬಿಟ್ಟಿದ್ದ. ಬಾಯಿಪಾಠ ಇತ್ತು.

“ಲೇ, ನಾ ಮಾತಾಡಾಕತ್ತೇನಿ,” ಎಂದ. ತಾಯಿಯ ಕಡೆ ತಿರುಗಿ ನೋಡಿದ. “ಅವ್ವ ಬಿಸಿಲಾಗ ಕುಂತಾಳ. ಬಾ.”

ಆ ಕಡೆಯಿಂದ ಏನು ಉತ್ತರ ಬಂತೋ ನಮಗೆ ಕೇಳಿಸಲಿಲ್ಲ. “ಹ್ಞೂಂ... ಸಾವಕಾಶ ಬಾ,” ಎಂದು ಹಿರಿಯ ಮೊಬೈಲ್ ನನ್ನ ಕೈಗಿಟ್ಟ.

ಕಿರಿಯ ಬಬಲೇಶ್ವರದಿಂದ ಬರಲು ಇನ್ನೂ ಬಹಳ ಹೊತ್ತಿತ್ತು. ಆಯಿ ಮೊಣಕಾಲಿಗೆ ಕೈಯೂರಿ ಎದ್ದಳು. ಸೆರಗಿನ ಗಂಟು ಬಿಚ್ಚಿ ಪಾನಾ ತೆಗೆದಳು. ವಾಲ್ವಿಗೆ ಹಚ್ಚಿ ತಿರುವಿದಳು. ಪೈಪಿನಲ್ಲಿ ನೀರು ಗುಡುಗುಡು ಎಂದು ಓಡಿತು.

“ಸಣ್ಣಾವ ಇನ್ನೂ ಬಂದಿಲ್ಲಲ್ರಿ?” ಎಂದ ಕಾಕಾ, ಎಲ್ಲಿ ಮತ್ತೆ ಬಂದ್ ಮಾಡುತ್ತಾಳೋ ಎಂದು ಹೆದರಿ.

“ಬಂದಂಗ ಆತು, ತಗೋ,” ಎಂದು ಆಯಿ ಕಣ್ಣೊರೆಸಿಕೊಂಡಳು.