ಹನ್ನೆರಡನೆಯ ಸಾಧನೆ

ಸಾಹಿತ್ಯ ವಿಭಾಗದ ಗುಮಾಸ್ತೆಯನ್ನು ವಿದ್ಯಾರ್ಥಿಗಳು ಎದುರಿಗೆ ಅಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಕತ್ತರಿ ಅಕ್ಕ. ಅವಳಿಗೂ ಗೊತ್ತಿತ್ತು, ಕೇಳಿಸಿದರೂ ಕೇಳಿಸದವಳಂತೆ ಕಡತ ಕಟ್ಟುತ್ತಿದ್ದಳು. ಆ ಹೆಸರು ಸುಮ್ಮನೆ ಬಂದದ್ದಲ್ಲ. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಸಾಧನೆಗಳ ಪಟ್ಟಿ ಕುಲಸಚಿವರ ಕಚೇರಿಗೆ ಹೋಗಬೇಕು, ಒಂದು ಸಾಧನೆಗೆ ಒಂದೇ ವಾಕ್ಯ. ಬೇರೆ ವಿಭಾಗಗಳಿಗೆ ಇದು ಅರ್ಧ ದಿನದ ಕೆಲಸ. ಇಲ್ಲಿಯವರಿಗೆ ಒಂದೇ ವಾಕ್ಯ ಬರೆಯಿರಿ ಎನ್ನುವುದೂ ಒಂದೇ, ಉಸಿರು ಹಿಡಿದು ಕೂರಿ ಎನ್ನುವುದೂ ಒಂದೇ. ಪ್ರಬಂಧ ಸ್ಪರ್ಧೆಗೆ ಹೋಗಿ ಬಂದವನು ಬಸ್ಸಿನ ಕಿಟಕಿ, ಕಿಟಕಿಯಾಚೆಯ ಮೋಡ, ಮೋಡದಲ್ಲಿ ಕಂಡ ಅಜ್ಜಿಯ ಮುಖ ಎಲ್ಲವನ್ನೂ ಮೂರು ಪುಟ ಬರೆದು ತರುತ್ತಿದ್ದ. ಬಹುಮಾನ ಬಂತೋ ಇಲ್ಲವೋ ಎಂಬುದು ಮಾತ್ರ ಅದರಲ್ಲಿ ಇರುತ್ತಿರಲಿಲ್ಲ. ಅದನ್ನು ಕತ್ತರಿಸಿ ಒಂದು ವಾಕ್ಯಕ್ಕಿಳಿಸುವುದು ಅಕ್ಕನ ಪಾಲಿಗೆ.

"ಮೋಡ ಚೆನ್ನಾಗಿದೆ ಕಣಪ್ಪಾ. ಗೆದ್ಯಾ, ಸೋತ್ಯಾ?"

"ಅದು ಅಷ್ಟು ಮುಖ್ಯನಾ ಅಕ್ಕ?"

"ನಿನಗಲ್ಲ. ನನ್ನ ಫಾರಂಗೆ ಮುಖ್ಯ."

ಮೇಷ್ಟ್ರುಗಳೇನೂ ಕಡಿಮೆಯಿರಲಿಲ್ಲ. ಒಂದು ವರ್ಷ ವಿಭಾಗದ ಮುಖ್ಯಸ್ಥರು ಎರಡು ಪುಟದ ಪಟ್ಟಿಗೆ ನಾಲ್ಕು ಪುಟದ ಮುನ್ನುಡಿ ಬರೆದಿದ್ದರು. ಅಕ್ಕ ಅದನ್ನು ಗೌರವದಿಂದ ಬೀರುವಿನಲ್ಲಿಟ್ಟು ಬೀಗ ಹಾಕಿದಳು.

ಎಂಟು ತಿಂಗಳ ಮಗಳನ್ನು ಸೊಂಟದಲ್ಲಿ ಎತ್ತಿಕೊಂಡು ಬೆರಳಚ್ಚಿನ ಕೆಲಸಕ್ಕೆ ಬಂದಾಗ ಅವಳಿಗೆ ಇಪ್ಪತ್ತನಾಲ್ಕು. ಅವಳ ಕೋಣೆಗೂ ಸಭಾಂಗಣಕ್ಕೂ ನಡುವೆ ಒಂದು ಬಾಗಿಲು. ವೇದಿಕೆಯ ಹಿಂದೆ ಚಾಪೆ ಹಾಸಿ ಮಗುವನ್ನು ಮಲಗಿಸಿ, ಒಂದು ಕಿವಿ ಅತ್ತ ಇಟ್ಟು ಟೈಪು ಮಾಡುತ್ತಿದ್ದಳು. ಬುಧವಾರ ಮಧ್ಯಾಹ್ನ ವಿದ್ಯಾರ್ಥಿಗಳು ಅಲ್ಲಿ ತಮ್ಮ ಬರಹ ಓದುತ್ತಿದ್ದರು. ಮಗು ಏಳದಿರಲಿ ಎಂದು ಚಪ್ಪಾಳೆಯ ಬದಲು ಕೈ ಎತ್ತಿ ಅಲ್ಲಾಡಿಸುವುದು ಶುರುವಾಯಿತು. ಮಗಳು ಬೆಳೆದು ಕೆಲಸಕ್ಕೆ ಸೇರಿದರೂ ಬುಧವಾರದ ಓದಿನಲ್ಲಿ ಇಂದಿಗೂ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಯಾಕೆಂದು ಹೊಸಬರಿಗೆ ಗೊತ್ತೂ ಇಲ್ಲ.

ಈ ವರ್ಷ ಸುತ್ತೋಲೆಯೊಂದು ಬಂತು. ಹನ್ನೆರಡು ಸಾಧನೆ ತೋರಿಸಲಾಗದ ವಿಭಾಗ ತನ್ನ ಸಭಾಂಗಣ ಬಿಟ್ಟುಕೊಡಬೇಕು. ಪಕ್ಕದ ವ್ಯವಹಾರ ನಿರ್ವಹಣೆ ವಿಭಾಗದವರು ಮರುದಿನವೇ ಟೇಪು ಹಿಡಿದು ಪರದೆಗೆ ಅಳತೆ ತೆಗೆಯಲು ಬಂದರು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದೀರಾ?" ಎಂದಳು ಅಕ್ಕ. ಹೇಳುವಾಗ ನಗುತ್ತಲೇ ಇದ್ದಳು. ಆದರೆ ಅವಳ ಪಟ್ಟಿಯಲ್ಲಿದ್ದದ್ದು ಹನ್ನೊಂದೇ.

ಕೊನೆಯ ದಿನ ಉಳಿದದ್ದು 'ಪುರಾಣ' ಒಬ್ಬಳೇ. ಎಷ್ಟು ಗಂಟೆ ಎಂದು ಕೇಳಿದರೆ ಗಡಿಯಾರ ಕೊಂಡ ಕಥೆ ಹೇಳುವ ಹುಡುಗಿ. ಕಂಠಪಾಠ ಸ್ಪರ್ಧೆಯ ಬಗ್ಗೆ ಅವಳೂ ಮೂರು ಪುಟ ತಂದಿದ್ದಳು. ಅರ್ಧ ಅಂಕ ಕಡಿಮೆಯಾಗಿ ಎರಡನೆಯ ಸ್ಥಾನ; ಫಾರಮಿಗೆ ಮೊದಲನೆಯದೇ ಬೇಕು. ಅಕ್ಕ ಆದರೂ ಬಿಡದೆ ಓದಿದಳು. ಮೂರನೆಯ ಪುಟದಲ್ಲಿ ಬೆರಳು ನಿಂತಿತು.

"ಪಕ್ಕದ ವಿಭಾಗದ ಹುಡುಗಿ ನಡುವೆ ಮರೆತು ನಿಂತಳು, ನನ್ನ ತುಟಿ ಅಲ್ಲಾಡಿತು ಅಂತ ಬರ್ದಿದೀಯಲ್ಲ. ಏನೇ ಇದು?"

"ಮುಂದೇನೇ ಕೂತಿದ್ದೆ ಅಕ್ಕ. ನನ್ನ ತುಟಿ ನೋಡ್ಕೊಂಡು ಅವಳು ಮುಂದಿನ ಸಾಲು ಹೇಳಿದ್ಲು. ಅದನ್ನ ಹಾಕ್ಬೇಡಿ."

"ನೀನು ಬಾಯಿ ಮುಚ್ಕೊಂಡಿದ್ರೆ ಗೆಲ್ತಿದ್ದೆ."

"ಬಾಯಿ ಮುಚ್ಕೊಂಡಿದ್ದು ನನಗೆ ಅಭ್ಯಾಸ ಎಲ್ಲಿದೆ?"

"ಅವಳ ಹೆಸರು ಬರಲ್ಲ, ಸರಿನಾ?"

ಪುರಾಣ ಒಲ್ಲದ ಮನಸ್ಸಿನಿಂದ ತಲೆಯಾಡಿಸಿದಳು. ಅಕ್ಕ ಮೂರು ಪುಟವನ್ನು ಒಂದು ವಾಕ್ಯಕ್ಕಿಳಿಸಿದಳು: 'ಕಂಠಪಾಠ ಸ್ಪರ್ಧೆಯಲ್ಲಿ ಎದುರಾಳಿಗೆ ಮರೆತ ಸಾಲು ನೆನಪಿಸಿ, ಪ್ರಥಮ ಸ್ಥಾನವನ್ನು ಅರ್ಧ ಅಂಕದಿಂದ ಬಿಟ್ಟುಕೊಟ್ಟದ್ದು.' ಹೆಸರು ಕತ್ತರಿಸಿದ್ದಳು ನಿಜ. ಆದರೆ ಪ್ರಥಮ ಸ್ಥಾನ ಪಡೆದವರು ಎಷ್ಟು ಜನ ಇರುತ್ತಾರೆ? ಇದು ಅವಳಿಗೆ ಹೊಳೆದದ್ದು ಪಟ್ಟಿ ಹೋದ ಮೇಲೆ. ಪಕ್ಕದವರ ಪಟ್ಟಿಯ ಮೊದಲ ಸಾಧನೆಯೇ ಆ ಬಹುಮಾನ.

ಮರುದಿನ ಬೆಳಿಗ್ಗೆ ಪರಿಶೀಲನೆಯ ಅಧಿಕಾರಿ ಎರಡೂ ಪಟ್ಟಿ ಹಿಡಿದು ಸಭಾಂಗಣಕ್ಕೆ ಬಂದರು. ಹಿಂದೆಯೇ ಎರಡೂ ವಿಭಾಗದ ಮುಖ್ಯಸ್ಥರು. ಗೆದ್ದ ಹುಡುಗಿಗೆ ಹೇಳಿಕಳಿಸಿದರು. ತನ್ನ ವಿಭಾಗದ ಕಪ್ಪು ಕೋಟು ಹಾಕಿಕೊಂಡು ಬಂದ ಅವಳ ಮುಖ ಸುಣ್ಣದಂತಾಗಿತ್ತು. ಸಭಾಂಗಣ ಉಳಿಸಲು ಯಾರದೋ ಮನೆಯ ಮಗುವನ್ನು ಕಟಕಟೆಗೆ ಎಳೆದ ಹಾಗಾಯಿತಲ್ಲ ಎಂದುಕೊಂಡಳು ಅಕ್ಕ.

"ಸೋತದ್ದು ಸಾಧನೆ ಹೇಗಮ್ಮಾ? ಇದು ನಡೆದದ್ದಾದರೂ ನಿಜವಾ?" ಎಂದು ಅಕ್ಕನನ್ನು ಕೇಳಿದರು ಅಧಿಕಾರಿ.

ಪುರಾಣ ಮುಂದೆ ಬಂದಳು. "ಇಲ್ಲ ಸರ್. ನಾನೇ ಕಟ್ಟಿ ಬರೆದದ್ದು."

ಹುಟ್ಟಿದಂದಿನಿಂದ ಅವಳು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು. ಸಾಹಿತ್ಯದ ಮುಖ್ಯಸ್ಥರು ಕನ್ನಡಕ ತೆಗೆದು ಒರೆಸತೊಡಗಿದರು.

"ಸುಳ್ಳು ಹೇಳ್ತಿದಾಳೆ ಸರ್," ಎಂದಳು ಕೋಟಿನ ಹುಡುಗಿ. "ನಡುವೆ ನನಗೆ ಪೂರ್ತಿ ಮರೆತೇಹೋಗಿತ್ತು. ಅವಳ ತುಟಿ ನೋಡಿ ಹೇಳಿದೆ. ಮನೇಲೂ ಹೇಳಿಲ್ಲ, ಯಾರ ಹತ್ರಾನೂ ಹೇಳಿಲ್ಲ."

ಅವಳ ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ನಮ್ಮ ಮೊದಲ ಸಾಧನೆ?"

"ಬಹುಮಾನ ಕೊಟ್ಟವರು ತೀರ್ಪುಗಾರರು, ನಾನಲ್ಲ. ಅವರನ್ನೇ ಕೇಳಿ. ಇದಂತೂ ಸಾಧನೆಯೇ," ಎಂದು ಅಧಿಕಾರಿ ಅಕ್ಕನ ಪಟ್ಟಿಯ ಹನ್ನೆರಡನೆಯದಕ್ಕೆ ಸರಿ ಗುರುತು ಹಾಕಿ ಹೊರನಡೆದರು. ದೊಡ್ಡವರೆಲ್ಲ ಅವರ ಹಿಂದೆ ಹೊರಟರು.

ಕೋಟಿನ ಹುಡುಗಿ ಮಾತ್ರ ಬಾಗಿಲ ಬಳಿ ನಿಂತಳು. ಹೊರಗೆ ಮೊಗಸಾಲೆಯಲ್ಲಿ ಅವಳ ವಿಭಾಗದವರು ಗುಸುಗುಸು ಮಾತಾಡುತ್ತಿದ್ದರು.

"ನಿನ್ನನ್ನ ಸಿಕ್ಕಿಸಿದ್ದು ನಾನೇ ಕಣಮ್ಮಾ, ತಪ್ಪಾಯ್ತು," ಎಂದಳು ಅಕ್ಕ.

"ಈಗ ಅಲ್ಲಿಗೆ ಹೋಗೋಕೆ ಕಾಲು ಬರ್ತಿಲ್ಲ ಅಕ್ಕ. ಸ್ವಲ್ಪ ಹೊತ್ತು ಇಲ್ಲೇ ಕೂರ್ಲಾ?"

ಅಕ್ಕ ಫ್ಯಾನು ಹಾಕಿ, ಮುಂದಿನ ಸಾಲಿನ ಎರಡು ಕುರ್ಚಿಗಳ ಧೂಳನ್ನು ಸೆರಗಿನಿಂದ ಒರೆಸಿದಳು. ಎರಡನೆಯದನ್ನು ಒರೆಸುವಷ್ಟರಲ್ಲಿ ಮೊದಲನೆಯದರಲ್ಲಿ ಪುರಾಣ ಆಗಲೇ ಕೂತಾಗಿತ್ತು.