ನಾಲ್ಕನೇ ಜ್ವರಕ್ಕೊಂದು ವಿಮರ್ಶೆ

ಒಬ್ಬ ಹೆಂಗಸು ಸಹಾಯ ಕೇಳಿ ಕಳಿಸಿದ ಮೆಸೇಜನ್ನು ಪದ್ಯವೆಂದುಕೊಂಡು ನಾನು ವಿಮರ್ಶೆ ಮಾಡಿದೆ. ಸಣ್ಣಪುಟ್ಟ ವಿಮರ್ಶೆಯಲ್ಲ, ಉದ್ದುದ್ದ ವಾಯ್ಸ್ ನೋಟುಗಳು. ಒಂದರ ಮಧ್ಯೆ ನಾನು ನೀರು ಕುಡಿದು ಗಂಟಲು ಸರಿಮಾಡಿಕೊಂಡ ಸದ್ದೂ ಇದೆ. ಕೊನೆಯ ಸಾಲು ಕಿತ್ತು ಹಾಕಿದರೆ ಪದ್ಯ ಎದ್ದು ನಿಲ್ಲುತ್ತದೆ ಎಂದೂ ಹೇಳಿದೆ. ಆ ಕೊನೆಯ ಸಾಲಿನಲ್ಲಿ ಇದ್ದದ್ದು ‘ಬೇಗ ಹೇಳಿ’ ಎಂಬ ಮಾತು. ಅತ್ತ ದಿಬ್ಬೂರಹಳ್ಳಿಯ ಪಕ್ಕದಲ್ಲಿ ಅವರ ಮನೆ ತುಂಬ ರೇಷ್ಮೆ ಹುಳು ಹಸಿದು ತಲೆಯೆತ್ತಿ ಕೂತಿದ್ದವು. ಇತ್ತ ಶಿಡ್ಲಘಟ್ಟದ ಪಕ್ಕದ ನಮ್ಮ ಹಳ್ಳಿಯಲ್ಲಿ, ವಿಮರ್ಶೆ ಮಾಡುತ್ತಿದ್ದ ನನ್ನ ಬೆನ್ನ ಹಿಂದೆಯೇ, ಕೇಳುವವರಿಲ್ಲದೆ ಹಿಪ್ಪುನೇರಳೆ ಸೊಪ್ಪು ತೋಟ ತುಂಬ ನಿಂತಿತ್ತು.

ಇಷ್ಟು ದೊಡ್ಡ ದಡ್ಡತನ ಒಬ್ಬನೇ ಮಾಡಲು ಆಗುವುದಿಲ್ಲ. ಅದಕ್ಕೆ ಒಂದು ಗ್ರೂಪು ಬೇಕು.

ನಮ್ಮ ಗ್ರೂಪಿನಲ್ಲಿ ಇರುವುದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಜನ. ಪದ್ಯ ಬರೆಯುತ್ತೇವೆಂದು ಸ್ವಂತ ಮನೆಯಲ್ಲಿ ಹೇಳಿಕೊಳ್ಳುವ ಧೈರ್ಯವಿಲ್ಲದೆ ಫೋನಿನೊಳಗೆ ಅಡಗಿಕೊಂಡವರು. ಮೊದಮೊದಲು ಯಾರು ಏನು ಹಾಕಿದರೂ ಕೆಳಗೆ ಕೈಮುಗಿಯುವ ಚಿತ್ರಗಳು ಸಾಲುಗಟ್ಟುತ್ತಿದ್ದವು. ಹೊಸಬರು ಬಂದರೆ ಭಜನಾ ಮಂಡಳಿಗೆ ಸೇರಿದೆವೋ ಎಂದು ಗಾಬರಿಯಾಗಬೇಕು. ಅದಕ್ಕೆ ಅಡ್ಮಿನ್ ಅಣ್ಣ ಒಂದು ಪದ್ಧತಿ ತಂದರು. ಅಣ್ಣನದು ಗೌರಿಬಿದನೂರಿನ ರೈಲ್ವೆ ಸ್ಟೇಷನ್ ಕಡೆ ಜೆರಾಕ್ಸ್ ಅಂಗಡಿ. ಭಾನುವಾರಕ್ಕೊಬ್ಬರ ಸರದಿ. ಸರದಿಯವರು ಪದ್ಯವನ್ನು ಅಣ್ಣನಿಗೆ ಮಾತ್ರ ಕಳಿಸಬೇಕು. ಅಣ್ಣ ಹೆಸರು, ಊರು, ಗುರುತು ಹತ್ತುವಂಥದ್ದನ್ನೆಲ್ಲ ಅಳಿಸಿ ಗ್ರೂಪಿಗೆ ಹಾಕುತ್ತಾರೆ. ಸಂಜೆಯವರೆಗೂ ಯಾರು ಬೇಕಾದರೂ ಅದರ ಚರ್ಮ ಸುಲಿಯಬಹುದು. ಬರೆದವರು ಮಾತ್ರ ಉಸಿರೆತ್ತುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಹೆಸರು ಹೊರಬರುತ್ತದೆ.

ಈ ಪದ್ಧತಿಯಲ್ಲಿ ನನ್ನ ಪದ್ಯಕ್ಕೂ ಸರದಿ ಬಂದಿತ್ತು. ಚಿಂತಾಮಣಿಯ ತರಕಾರಿ ಮಂಡಿಯಲ್ಲಿ ಕೂತು ಗಜಲ್ ಬರೆಯುವ ಸಾಹೇಬರೊಬ್ಬರು ಅದನ್ನು ಓದಿ, "ಭಾಯ್, ಟೈಪಿಂಗ್ ಮಾತ್ರ ಸೂಪರ್" ಎಂದರು. ಬೇರೆ ಯಾರೂ ಅಷ್ಟು ಕೂಡ ಹೇಳಲಿಲ್ಲ. ಆವತ್ತೇ ನಾನು ವಿಮರ್ಶಕನಾದೆ.

ಭಾನುವಾರ ಬೆಳಿಗ್ಗೆಯೆಂದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಇನ್ನೊಬ್ಬರು ಮೊದಲು ತಪ್ಪು ಹಿಡಿದುಬಿಟ್ಟರೆ ನನಗೇನು ಉಳಿಯುತ್ತದೆ? ಡಿಗ್ರಿ ಮುಗಿಸಿ ಯಾವುದೋ ಪರೀಕ್ಷೆಗೆ ಓದುತ್ತಿದ್ದೇನೆಂದು ಮನೆಯವರನ್ನು ನಂಬಿಸಿದ್ದೆ. ಪುಸ್ತಕ ಎದೆಯ ಮೇಲಿದ್ದರೂ ಕೈ ಫೋನಿಗೇ ಹೋಗುತ್ತಿತ್ತು. ಸಿಗ್ನಲ್ ಹುಡುಕಿಕೊಂಡು ಬಾಗಿಲಿನಿಂದ ನೀರಿನ ತೊಟ್ಟಿಗೆ, ತೊಟ್ಟಿಯಿಂದ ಬಾಗಿಲಿಗೆ ಓಡಾಡಿ ಅಲ್ಲೊಂದು ಕಾಲುದಾರಿಯೇ ಬಿದ್ದಿತ್ತು.

ಆ ಭಾನುವಾರದ ಸರದಿ ದಿಬ್ಬೂರಹಳ್ಳಿ ಅಕ್ಕನದು. ಹಿಂದೆ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದವರು, ಈಗ ಮನೆಯಲ್ಲಿ ಹುಳು ಸಾಕುತ್ತಾರೆ. ಪದ್ಯ ಬರೆದರೂ ಹುಳದ ಮೇಲೆಯೇ. ಹಿಂದಿನ ಸರದಿಯಲ್ಲಿ ‘ಓ ರೇಷ್ಮೆಯೇ, ಓ ಬಾಳ ನೂಲೇ’ ಎಂದು ಶುರು ಮಾಡಿದ್ದರು. ಆಗ ನಾನು ಉಪದೇಶ ಕೊಟ್ಟಿದ್ದೆ: "ಅಕ್ಕ, ಆ ‘ಓ’ ಎಲ್ಲ ಬಿಡಿ. ಮನೇಲಿ ಹೆಂಗ್ ಮಾತಾಡ್ತೀರೋ ಹಂಗೇ ಬರೀರಿ." ಅವರು, "ಆಯ್ತಪ್ಪ, ನೋಡ್ತೀನಿ" ಎಂದಿದ್ದರು.

ಅಡ್ಮಿನ್ ಅಣ್ಣ ಹಾಕಿದ್ದು ಇಷ್ಟು:

ನಾಲ್ಕನೇ ಜ್ವರ ಎದ್ದವೆ.
ತೋಟದಲ್ಲಿ ಸೊಪ್ಪು ಮುಗೀತು.
ರಾತ್ರಿಗೆ ಏನೂ ಇಲ್ಲ.
ಯಾರತ್ರ ಇದ್ರೂ ಬೇಗ ಹೇಳಿ.

ಓದಿ ನನ್ನ ಮೈ ಜುಮ್ಮೆಂದಿತು. ಹೆಸರಿಲ್ಲದಿದ್ದರೂ ಯಾರದೆಂದು ತಿಳಿಯಿತು. ನನ್ನ ಉಪದೇಶ ಫಲ ಕೊಟ್ಟಿತ್ತು! ಒಂದೇ ಒಂದು ‘ಓ’ ಇಲ್ಲ! ತೊಟ್ಟಿಯ ಸುತ್ತ ಎರಡು ಸುತ್ತು ಹಾಕಿ ರೆಕಾರ್ಡ್ ಒತ್ತಿದೆ. ಅಷ್ಟರಲ್ಲಿ ಅಮ್ಮ ಹಿತ್ತಲಿನಿಂದ ಕೂಗಿದಳು. ಗಾಳಿಗೆ ನಮ್ಮ ಹುಳು ಮನೆಯ ಶೀಟು ಹಾರಿಹೋಗಿ ಆ ಸಲ ಹುಳು ಬೆಳೆ ಬಿಟ್ಟಿದ್ದೆವು. ಸೊಪ್ಪು ಮಾತ್ರ ಅದರ ಪಾಡಿಗೆ ಬೆಳೆದು ನಿಂತಿತ್ತು.

"ಲೇ, ಸೊಪ್ಪು ಹಣ್ಣಾಗ್ತಾ ಐತೆ. ಯಾರಿಗಾದ್ರೂ ಬೇಕಾ ಅಂತ ಫೋನಲ್ಲಿ ಹಾಕೋ ಅಂದಿದ್ನಲ್ಲ."

"ಹಾಕ್ತೀನಿ ಇರಮ್ಮ. ಇಲ್ಲಿ ಮುಖ್ಯವಾದ್ದು ನಡೀತಾ ಐತೆ."

"ಅದೇನೋ ಅಂಥಾ ಮುಖ್ಯ?"

"ಯಾರ್ದೋ ಹುಳಕ್ಕೆ ಸೊಪ್ಪಿಲ್ಲ ಅಂತ ಬರ್ದವ್ರೆ."

"ಹಂಗಾದ್ರೆ ನಮ್ದು ಕೊಡೋ!"

"ಅಯ್ಯೋ ಅಮ್ಮ, ಅದು ನಿಜವಾದ ಹುಳ ಅಲ್ಲ. ಸಮಾಜ."

ಅಮ್ಮ ಕುಡುಗೋಲು ಹಿಡಿದುಕೊಂಡೇ ಬಂದು ನನ್ನ ಮುಖ ನೋಡಿದಳು. "ಸಮಾಜಕ್ಕೆ ಸೊಪ್ಪು ಯಾಕೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಬೇರೆ ಜಿಲ್ಲೆಯವರಾದರೆ ಕ್ಷಮಿಸಬಹುದಿತ್ತು. ಹುಳು ಪೊರೆ ಬಿಡುವ ಮೊದಲು ಮೇವು ನಿಲ್ಲಿಸಿ ನಿದ್ದೆ ಹೋಗುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳದ ಹೊಟ್ಟೆಗೆ ತಳವೇ ಇರುವುದಿಲ್ಲ; ಆಗ ಮೇವು ತಪ್ಪಿದರೆ ಅದುವರೆಗೆ ಪಟ್ಟ ಪಾಡೆಲ್ಲ ನೀರುಪಾಲು. ಇದು ಶಿಡ್ಲಘಟ್ಟದ ಕಡೆ ಚಡ್ಡಿ ಹಾಕುವ ಮಕ್ಕಳಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಭಾನುವಾರ ಬೆಳಿಗ್ಗೆ, ನಾಲ್ಕು ಸಾಲಿನಲ್ಲಿ ಬಂದದ್ದರಿಂದ ಗೊತ್ತಿದ್ದದ್ದೆಲ್ಲ ತಲೆಯಿಂದ ಇಳಿದು ಹೋಗಿತ್ತು.

ಗಜಲ್ ಸಾಹೇಬರು ಮಂಡಿಯ ಗದ್ದಲದ ನಡುವಿನಿಂದಲೇ ಮಾತು ಕಳಿಸಿದರು. "ವಾಹ್ ವಾಹ್! ‘ರಾತ್ರಿಗೆ ಏನೂ ಇಲ್ಲ.’ ಕ್ಯಾ ಬಾತ್ ಹೈ! ಇದು ಪ್ರೇಮದ ಹಸಿವು ಭಾಯ್, ಪ್ರೇಮದ್ದು."

"ಪ್ರೇಮ ಅಲ್ಲ ಸಾಹೇಬ್ರೇ," ಎಂದೆ ನಾನು. "ನಿರುದ್ಯೋಗ. ನಾಲ್ಕು ಪರೀಕ್ಷೆ ಬರ್ದು ಎದ್ದವ್ನಿಗೆ ಮುಂದೆ ತಿನ್ನೋಕೇನಿಲ್ಲ. ಅದೇ ಇಲ್ಲಿರೋದು."

"ನಿಂದೇ ಕಥೆ ಹೇಳ್ತಿದ್ದೀಯ ಅನ್ಸುತ್ತೆ ಭಾಯ್."

ನನಗೆ ಉರಿಯಿತು. ಇನ್ನೊಂದು ವಾಯ್ಸ್ ನೋಟು ಬಿಟ್ಟೆ. ಅದರಲ್ಲೇ ಕೊನೆಯ ಸಾಲಿನ ಮೇಲೆ ಬಿದ್ದದ್ದು. ಪದ್ಯ ಅಂಗಲಾಚಬಾರದು, ಪದ್ಯಕ್ಕೆ ಅವಸರ ಇರಬಾರದು, ಓದುಗನೇ ಓಡಿ ಬರುವಂತಿರಬೇಕು, ಇತ್ಯಾದಿ. ಕಳಿಸಿದ ಮೇಲೆ ನನ್ನದೇ ದನಿಯನ್ನು ನಾನೇ ಮತ್ತೆ ಮತ್ತೆ ಕೇಳಿದೆ. ಎಷ್ಟು ಚೆನ್ನಾಗಿ ಹೇಳಿದ್ದೇನೆ ಅನಿಸಿತು. ಆದರೂ ಊಟಕ್ಕೆ ಕೂತರೆ ತುತ್ತಿಗೊಮ್ಮೆ ಫೋನು ತಿರುಗಿಸಿ ನೋಡುವುದು. ಯಾರು ಕೇಳಿದರು, ಯಾರು ಕೇಳಲಿಲ್ಲ, ಮುಖ್ಯವಾಗಿ ಅಕ್ಕ ಕೇಳಿದರೋ ಇಲ್ಲವೋ. ಅವರು ಗ್ರೂಪನ್ನೇ ತೆರೆದಿರಲಿಲ್ಲ. ತಡೆಯಲಾರದೆ ನಿಯಮ ಮುರಿದು ಅವರಿಗೇ ಬರೆದೆ: "ಅಕ್ಕ, ಯಾರದೆಂದು ನನಗೆ ಗೊತ್ತು. ಅದ್ಭುತ. ಕೊನೆಯ ಸಾಲೊಂದು ಬೇಡ."

ಬಹಳ ಹೊತ್ತಿನ ಮೇಲೆ ಉತ್ತರ ಬಂತು: "ನಿಮ್ಮತ್ರ ಸೊಪ್ಪು ಐತಾ?"

ನಾನು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಎಂಥ ತಿದ್ದುಪಡಿ! ಬೇಡಿಕೆಯನ್ನು ಪ್ರಶ್ನೆಯಾಗಿ ತಿರುಗಿಸಿ ಓದುಗನ ಎದೆಗೇ ನೆಟ್ಟುಬಿಟ್ಟಿದ್ದಾರೆ! ಟೈಪ್ ಮಾಡಿದೆ: "ಆಹಾ! ಇದನ್ನೇ ಕೊನೆಯ ಸಾಲು ಮಾಡಿ ಅಕ್ಕ."

ಕೂಡಲೇ ಫೋನು ಬಡಿದುಕೊಂಡಿತು.

"ಏನಪ್ಪಾ, ಸೊಪ್ಪು ಐತಾ ಇಲ್ವಾ, ಅಷ್ಟ್ ಹೇಳಿ."

"ಅಕ್ಕ, ಸಾಯಂಕಾಲದವರ್ಗೂ ನೀವು ಮಾತಾಡಂಗಿಲ್ಲ..."

"ಸಾಯಂಕಾಲಕ್ಕೆ ಹುಳ ಉಳೀಬೇಕಲ್ಲಪ್ಪ! ಸೊಪ್ಪು ಕೊಡ್ತೀನಿ ಅಂದಿದ್ದ ಪಕ್ಕದ ತೋಟದೋರು ಬೆಳಗ್ಗೆ ಬೇರೆಯೋರಿಗೆ ಕೊಟ್ಬಿಟ್ರು. ನಮ್ಮೆಜಮಾನ್ರು ಊರಲ್ಲಿಲ್ಲ. ಗೊತ್ತಿರೋರ್ಗೆಲ್ಲಾ ಮೆಸೇಜ್ ಹಾಕ್ದೆ. ಅಡ್ಮಿನ್ ಅಣ್ಣಂಗೂ ಹಾಕ್ದೆ, ಅಂಗ್ಡಿಗೆ ನಾಕ್ ಜನ ಬರ್ತಾರಲ್ಲ ಅಂತ. ಒಬ್ರೂ ಫೋನ್ ಮಾಡ್ಲಿಲ್ಲ."

"ಅದು... ಪದ್ಯ ಅಲ್ವಾ ಅಕ್ಕ?"

"ಪದ್ಯಾನಾ? ಯಾವುದು ಪದ್ಯ?"

ಹೇಳಿದೆ. ಹೇಳದೆ ವಿಧಿಯಿರಲಿಲ್ಲ.

"ಅಂದ್ರೆ ಎಲ್ಲಾರೂ ಓದವ್ರಾ?"

"ಓದವ್ರೆ ಅಕ್ಕ."

"ಸೊಪ್ಪು ಐತೆ ಅಂತ ಯಾರೂ ಅನ್ಲಿಲ್ವಾ?"

"ಇಲ್ಲ. ಚೆನ್ನಾಗಿದೆ ಅಂದ್ರು."

ಅಲ್ಲಿಯವರೆಗೂ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ ಅಕ್ಕ ಅಲ್ಲಿಂದ ಏಕವಚನಕ್ಕೆ ಇಳಿದರು. "ನಿಂಗೇನಾದ್ರೂ ತಲೇಲಿ ಐತೇನೋ? ಬೆಳಗ್ಗೆ ಅರೆಬರೆ ಮೇವು ಹಾಕಿದ್ದೀನಿ. ಇವತ್ ತಪ್ಪಿದ್ರೆ ಈ ಬೆಳೆ ಹೋಯ್ತು. ಇದನ್ನೇ ನಂಬ್ಕೊಂಡಿದ್ದೀವಿ ಕಣೋ ನಾವು."

"ಐತೆ ಅಕ್ಕ, ನಮ್ಮತ್ರಾನೇ ಐತೆ, ತರ್ತೀನಿ" ಎಂದೆ. "ಬೆಳಗ್ಗೆಯಿಂದ ಐತಾ?" ಎಂದು ಅವರು ಕೇಳುವುದರೊಳಗೆ ಫೋನು ಇಟ್ಟೆ.

ಅಮ್ಮನಿಗೆ ಪೂರ್ತಿ ಹೇಳುವ ಧೈರ್ಯವಾಗಲಿಲ್ಲ. "ಸಮಾಜ ಫೋನ್ ಮಾಡಿತ್ತು, ಸೊಪ್ಪು ಬೇಕಂತೆ" ಎಂದೆ. ಅವಳು ಆಗಲೇ ಸಾಲಿನ ನಡುವೆ ಇಳಿದಿದ್ದಳು. ಬಿಸಿಲು ಇನ್ನೂ ಇತ್ತು, ಕೊಯ್ದ ಸೊಪ್ಪು ಬಾಡುವ ಹೊತ್ತು. ಗೋಣಿ ಚೀಲ ನೆನೆಸಿ ಹೊರೆಗಳ ಮೇಲೆ ಹೊದಿಸಿದೆವು. ಬೀದಿಯ ಲಗೇಜ್ ಆಟೋದವನು ಟೊಮೊಟೊ ಕ್ರೇಟು ಇಳಿಸಲು ಹೋಗಿದ್ದ. ಅವನಿಗಾಗಿ ಕಾದ ಹೊತ್ತಿನಲ್ಲಿ ನಾನು ಎಷ್ಟು ಸಲ ರಸ್ತೆಗೆ ಹೋಗಿ ಬಂದೆನೆಂದರೆ, ಅಷ್ಟು ದೂರ ನೇರ ನಡೆದಿದ್ದರೆ ದಿಬ್ಬೂರಹಳ್ಳಿಯೇ ಸಿಗುತ್ತಿತ್ತು. ಹೊರೆಯೊಳಗೆ ಕೈ ತೂರಿಸಿ ಬಿಸಿಯೇರಿದೆಯಾ ಎಂದು ನೋಡುವುದು, ಮತ್ತೆ ಓಡುವುದು. "ಹೆರಿಗೆ ಆಸ್ಪತ್ರೆ ಮುಂದೆ ಗಂಡ ನಿಂತಂಗೆ ಆಡ್ಬೇಡ, ಒಂದ್ಕಡೆ ಕೂತ್ಕೊ" ಎಂದಳು ಅಮ್ಮ.

ಆಟೋ ಬಂತು. ಸೊಪ್ಪು ಹಾರದಿರಲೆಂದು ನಾನು ಹೊರೆಯ ಮೇಲೆ ಬೋರಲು ಮಲಗಿದೆ. ದಾರಿಯಲ್ಲಿ ಡ್ರೈವರನಿಗೆ ಟೀ ಬೇಕೆನಿಸಿತು. ಅವನು ಗಾಡಿ ನಿಲ್ಲಿಸಿದ್ದೇ ತಡ, ಎಲ್ಲಿದ್ದವೋ ಮೇಕೆಗಳು, ನಮ್ಮ ಗ್ರೂಪಿನ ಸದಸ್ಯರಿಗಿಂತ ಹೆಚ್ಚಿದ್ದವು, ಸುತ್ತುವರಿದವು. ಒಂದು ಹೊರೆಗೆ ಬಾಯಿ ಹಾಕಿ ಎಳೆಯಿತು, ಇನ್ನೊಂದು ನನ್ನ ಅಂಗಿಗೆ. ಅಷ್ಟರಲ್ಲಿ ಅಡ್ಮಿನ್ ಅಣ್ಣನ ಫೋನು. ಒಂದು ಕೈಯಲ್ಲಿ ಮೇಕೆ ತಳ್ಳುತ್ತ ವಿಷಯ ಹೇಳಿದೆ.

"ಅಯ್ಯೋ ದೇವುಡಾ!" ಎಂದರು ಅಣ್ಣ. "ಆಧಾರ್ ಜೆರಾಕ್ಸ್‌ಗೆ ಜನ ಮೈಮೇಲೆ ಬೀಳ್ತಾ ಇದ್ರಪ್ಪ. ಅವಮ್ಮಂದೇ ಸರದಿ, ಅವಮ್ಮ ಯಾವಾಗ್ಲೂ ಹುಳದ್ ಮೇಲೇ ಬರೀತಾರೆ. ‘ದಿಬ್ಬೂರಹಳ್ಳಿಗೆ ತಲುಪಿಸ್ಬೇಕು’ ಅಂತಾನೂ ಇತ್ತು, ಫೋನ್ ನಂಬರ್ರೂ ಇತ್ತು. ಊರು ಗೊತ್ತಾಗ್ಬಾರ್ದು ಅಂತ ನಾನೇ ತೆಗ್ದೆ. ಸಾಲೂ ನಾನೇ ಮುರ್ದಿದ್ದು."

"ಸಾಲು ಚೆನ್ನಾಗಿ ಮುರ್ದಿದ್ದೀರ ಅಣ್ಣ" ಎಂದೆ.

"ಹೌದಾ?" ಎಂದರು ಅವರು, ಅಂಥ ಹೊತ್ತಿನಲ್ಲೂ ಖುಷಿಯಾಗಿ.

ಅಕ್ಕ ಬಾಗಿಲಲ್ಲೇ ನಿಂತಿದ್ದರು. ನನ್ನನ್ನು ನೋಡಲಿಲ್ಲ, ಹೊರೆ ಬಿಚ್ಚಿ ಎಲೆ ಮುಟ್ಟಿ ನೋಡಿದರು. ಒಳಗೆ ಹುಳು ಸಾಕುವ ಸ್ಟ್ಯಾಂಡಿನ ಉದ್ದಕ್ಕೂ ತಿಂದು ಬರಿದಾದ ಕಡ್ಡಿಗಳು, ಅವುಗಳ ಮೇಲೆ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಇಬ್ಬರೂ ಸೊಪ್ಪು ಹರಡಿದೆವು. ನಡುನಡುವೆ ಅವರು ಗದರುತ್ತಿದ್ದರು: "ಅಡ್ಡಡ್ಡ ಹಾಕ್ಬೇಡ, ಹುಳದ್ ಮೇಲೆ ಎತ್ತಾಕ್ಬೇಡ, ಬೇಕಾದ್ದೆಲ್ಲ ಎತ್ತಾಕೋಕೆ ಇದು ನಿಮ್ ಗ್ರೂಪ್ ಅಲ್ಲ." ಹುಳು ಸೊಪ್ಪು ಮೇಯುವ ಸದ್ದನ್ನು ಮಳೆಗೆ ಹೋಲಿಸಿ ನಾನೇ ಹಿಂದೆ ಪದ್ಯ ಬರೆದಿದ್ದೆ. ಆವತ್ತು ಸದ್ದು ಶುರುವಾದಾಗ ನನಗೆ ಯಾವ ಹೋಲಿಕೆಯೂ ಬೇಕಾಗಲಿಲ್ಲ. ತಿನ್ನುತ್ತಿದ್ದವು, ಅಷ್ಟೇ.

ಗ್ರೂಪಿನಲ್ಲಿ ದೊಡ್ಡ ಗಲಾಟೆಯಾಯಿತು. ಗಜಲ್ ಸಾಹೇಬರು ಅಕ್ಕನಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಚಿಂತಾಮಣಿ ಕಡೆ ಗೊತ್ತಿದ್ದವರ ತೋಟದಿಂದ ಬೆಳಗಿನ ಮೇವಿಗೆ ಸೊಪ್ಪು ಕಳಿಸಿದರು. ಮುಂದಿನ ಮೇವುಗಳು ನಮ್ಮ ತೋಟದವು. ಆಟೋದ ಮೇಲೆ ಬೋರಲು ಮಲಗುವುದು ನನಗೆ ಅಭ್ಯಾಸವಾಯಿತು. ಅಡ್ಮಿನ್ ಅಣ್ಣ ಈಗ ಏನೇ ಬಂದರೂ ಮೊದಲು ಫೋನ್ ಮಾಡಿ, "ಇದು ಪದ್ಯಾನೇ ಅಲ್ವೇನಪ್ಪ?" ಎಂದು ಕೇಳಿಕೊಳ್ಳುತ್ತಾರೆ. ನನ್ನದಕ್ಕೆ ಮಾತ್ರ ಎರಡು ಸಲ ಕೇಳಿದರು.

ಹುಳು ಹಣ್ಣಾಗಿ, ಗೂಡು ಕಟ್ಟಿ, ಅಕ್ಕ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಗೂಡು ತರುವವರೆಗೂ ನನಗೆ ನೆಮ್ಮದಿಯಿರಲಿಲ್ಲ. ಬೆಳಿಗ್ಗೆಯೇ ಹೋಗಿ ಗೇಟಿನ ಹತ್ತಿರ ನಿಂತಿದ್ದೆ. ಹರಾಜು ಮುಗಿಸಿ ಹೊರಗೆ ಬಂದ ಅಕ್ಕನನ್ನು, "ಏನಾಯ್ತಕ್ಕ?" ಎಂದು ಕೇಳಿದೆ.

"ಪರ್ವಾಗಿಲ್ಲಪ್ಪ, ಒಳ್ಳೆ ರೇಟೇ ಬಂತು" ಎಂದರು. ಸೆರಗಿನಲ್ಲಿ ಮುಖ ಒರೆಸಿಕೊಂಡು, ನಗುತ್ತಲೋ ಬೈಯುತ್ತಲೋ ತಿಳಿಯದ ಹಾಗೆ ಸೇರಿಸಿದರು: "ಕೊನೇ ಸ್ಟ್ಯಾಂಡಿನವು ಮಾತ್ರ ಗೂಡು ತೆಳ್ಳಗೆ ಕಟ್ಟವೆ. ಆವತ್ತು ಅವಕ್ಕೇ ಕಡೇಲಿ ಸೊಪ್ಪು ಸಿಕ್ಕಿದ್ದು. ಆರಿಸ್ವಾಗ ಒಂದೊಂದ್ ಕೈಗ್ ಬಂದಾಗ್ಲೂ ನಿನ್ನೇ ನೆನೆಸ್ಕೊಂಡೆ ಕಣಪ್ಪ."