ಹನ್ನೊಂದು ಕಾಳಿನ ಕೂಜ

ಚೀನಾದ ಜಿನಾನ್ ಪೇಟೆಯಲ್ಲಿ ಒಡೆದ ಪಿಂಗಾಣಿಗೆ ಹಿತ್ತಾಳೆಯ ಕೊಂಡಿ ಬಡಿದು ಕೂಡಿಸುವ ಶಿಲಿನ್, ತನ್ನ ಸೊಂಟದ ಚೀಲದಲ್ಲಿ ಒಂದು ಒಣಗಿದ ಸೋಯಾ ಕಾಳಿನ ಸಿಪ್ಪೆಯನ್ನು ಹದಿನಾಲ್ಕು ವರ್ಷದಿಂದ ಇಟ್ಟುಕೊಂಡಿದ್ದ. ಅದು ಸಿಕ್ಕಿದ್ದು ಅವನ ಗುರು ಮೆಂಗ್ ಕೂಡಿಸಿದ ಭರಣಿಯ ಬಿರುಕಿನಲ್ಲಿ.

ಆ ಭರಣಿಯ ಬಿರುಕಿಗೆ ಬಣ್ಣ ಬಳಿದು ಮುಚ್ಚಿಕೊಡು, ಒಡೆಯದ ಮಾಲು ಎಂದು ಮಾರುತ್ತೇನೆ ಎಂದಿದ್ದ ಹಳೆ ಪಾತ್ರೆಗಳ ವ್ಯಾಪಾರಿ ಪಾಂಗ್. ಮೆಂಗ್ ಒಪ್ಪದೆ ಎದ್ದು ಕಾಣುವಂತೆ ಕೊಂಡಿ ಬಡಿದು ಕೊಟ್ಟರು. ಪಾಂಗ್ ಆ ಭರಣಿಗೆ ಸೋಯಾ ಕಾಳು ತುಂಬಿ, ನೀರು ಹೊಯ್ದು, ಬಾಯಿ ಬಿಗಿದಿಟ್ಟ. ಕಾಳು ಉಬ್ಬಿ ಭರಣಿ ಸೀಳಿತು. "ನೋಡ್ರಪ್ಪಾ ಮೆಂಗನ ಕೆಲಸ!" ಎಂದು ಚಹಾದಂಗಡಿಯಲ್ಲಿ ಎಲ್ಲರಿಗೂ ತೋರಿಸಿದ. ಗುರು ಮತ್ತೆ ಕೊಂಡಿಗೆ ಗುಳಿ ಕೊರೆಯುವ ಬೈರಿಗೆ ಮುಟ್ಟಲಿಲ್ಲ. ಅದೇ ಕೊರಗಿನಲ್ಲಿ ಸತ್ತರು. ಪಾಂಗ್‌ನನ್ನು ನೆನೆದಾಗಲೆಲ್ಲ ಶಿಲಿನ್‌ಗೆ ಮೈ ಉರಿಯುತ್ತಿತ್ತು.

ಈಗ ಅದೇ ಪಾಂಗ್ ತನ್ನ ತಾತನ ಕಾಲದ ಚಹಾದ ಕೂಜವನ್ನು ಕೈಜಾರಿ ಒಡೆದುಕೊಂಡು ಬಂದಿದ್ದ. ಶಿಲಿನ್ ಯಾರ ಶಿಷ್ಯನೆಂದು ಅವನಿಗೆ ನೆನಪಿರಲಿಲ್ಲ.

"ಹೂವಿನ ಕೊಂಡಿ ಹಾಕಪ್ಪ, ಚೆನ್ನಾಗಿ ಕಾಣ್ಬೇಕು."

"ಹೂವು ಎಲ್ರೂ ಹಾಕಿಸ್ತಾರೆ, ಯಜಮಾನ್ರೇ. ನಿಮಗೇ ಅಂತ ಬೇರೆ ಮಾಡ್ತೀನಿ."

ಪಾಂಗ್ ಉಬ್ಬಿಹೋದ. ಶಿಲಿನ್ ವಜ್ರದ ಮೊನೆಯ ಬೈರಿಗೆ ಹಿಡಿದು ಒಂಬತ್ತು ದಿನ ದುಡಿದ. ಅಂಥ ಕೆಲಸ ಅವನು ಹಿಂದೆಂದೂ ಮಾಡಿರಲಿಲ್ಲ.

ಕೂಡಿಸಿದ ಪಾತ್ರೆಯನ್ನು ಚಹಾದಂಗಡಿಯಲ್ಲೇ ಒಪ್ಪಿಸಬೇಕು, ನಾಲ್ಕು ಜನರೆದುರು ಕುದಿನೀರು ತುಂಬಿ ಒಣ ಕಾಗದದ ಮೇಲೆ ಇಡಬೇಕು ಎಂಬುದು ಪೇಟೆಯ ರೂಢಿ. ಇಟ್ಟ. ಕಾಗದ ಒದ್ದೆಯಾಗಲಿಲ್ಲ. ಜನ ಭೇಷ್ ಎಂದರು. ಮುದುಕನೊಬ್ಬ ಬಗ್ಗಿ ನೋಡಿದ.

"ಇದೇನಯ್ಯ, ಕೊಂಡಿಗಳೆಲ್ಲಾ ಸೋಯಾ ಕಾಳಿನ ಥರ ಇದಾವೆ?"

"ಹೌದು ತಾತ, ಹನ್ನೊಂದು ಕಾಳು. ಯಾಕೆ ಅಂತ ಯಜಮಾನ್ರನ್ನೇ ಕೇಳಿ."

ಪಾಂಗ್‌ನ ಮುಖ ಬಿಳಿಚಿಕೊಂಡಿತು. ಶಿಲಿನ್ ಸಿಪ್ಪೆಯನ್ನು ತೆಗೆದು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಬಿಡದೆ ಹೇಳಿದ. ಅಂದು ಮೆಂಗ್‌ರನ್ನು ನೋಡಿ ನಕ್ಕವರಲ್ಲಿ ಕೆಲವರು ಅಲ್ಲೇ ಕೂತಿದ್ದರು. ಅವರು ತಲೆ ತಗ್ಗಿಸಿದರು.

"ಕೀಳೋ ಅದನ್ನ!" ಎಂದು ಪಾಂಗ್ ಕಿರುಚಿದ.

"ಕೀಳ್ತೀನಿ. ಕೂಜ ಎರಡು ಹೋಳಾಗುತ್ತೆ, ಮೈಮೇಲೆ ಇಪ್ಪತ್ತೆರಡು ಗುಳಿ ಉಳಿಯುತ್ತೆ. ಅಲ್ಲಿ ಇನ್ನೊಂದು ಸಲ ಬೈರಿಗೆ ಹಿಡಿಯೋಕಾಗಲ್ಲ."

ಪಾಂಗ್ ನೆಲಕ್ಕೆ ಅಪ್ಪಳಿಸಲು ಕೂಜವನ್ನು ಎತ್ತಿದ. ತಾತನ ಕೂಜ, ಕೈ ಬಿಡಲೊಪ್ಪಲಿಲ್ಲ.

"ಒಡೀರಿ ಯಜಮಾನ್ರೇ," ಎಂದ ಶಿಲಿನ್, ಬೈರಿಗೆಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ. "ಜಾಸ್ತಿ ಚೂರಾದ್ರೆ ಜಾಸ್ತಿ ಕಾಳು ಹಾಕ್ತೀನಿ."